ಬ್ರಾಡ್‌ಬ್ಯಾಂಡ್ ಲೈನ್ ಬಂದ್ ಆಗುತ್ತಿದೆಯೇ? ಅದಕ್ಕೆ ಕಟ್ಟಿರುವುದನ್ನು ಮೊದಲು ಬಿಚ್ಚಿಕೊಳ್ಳಿ

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರ್ ಕಡೆ ನಮ್ಮದೊಂದು ಸಣ್ಣ ಜೀನ್ಸ್ ಘಟಕ. 18 ಮೆಷಿನ್ ಇವೆ, ಸುತ್ತಲಿನ ಮನೆಗಳಿಗೆ ಜಾಬ್ ವರ್ಕ್ ಕೊಡುತ್ತೇವೆ. ಮುಂಡರಗಿ ಕಡೆ ಗೋಡೌನ್ ಇದೆ. 11 ವರ್ಷದಿಂದ ಒಂದೇ ಕಂಪನಿಯ ಬಿಸಿನೆಸ್ ಬ್ರಾಡ್‌ಬ್ಯಾಂಡ್, ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ಸಮೇತ. ಹೋದ ವಾರ ಮೊಬೈಲ್‌ಗೆ ಮೆಸೇಜ್ ಬಂತು: ‘ನಿಮ್ಮ ಪ್ರದೇಶದಲ್ಲಿ ಈ ಸೇವೆ 30 ದಿನಗಳ ನಂತರ ಇರುವುದಿಲ್ಲ.’ ಅಷ್ಟೇ. ಯುಗಾದಿಗೆ ಇಡೀ ವರ್ಷದ ದುಡ್ಡು ಕಟ್ಟಿದ್ದೇವೆ, ಇನ್ನೂ ಐದು ತಿಂಗಳು ಬಾಕಿ ಇದೆ. ಹುಬ್ಬಳ್ಳಿಯಲ್ಲಿರುವ ನಮ್ಮ ಅಕೌಂಟೆಂಟ್ ಅಲ್ಲಿಂದಲೇ ನಮ್ಮ ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ತೆರೆಯುತ್ತಾರೆ. ಕ್ಯಾಮೆರಾಗಳನ್ನು ನಾನು ಮನೆಯಿಂದ ನೋಡುತ್ತೇನೆ. ಬಿಲ್ ಬುಕ್ಕಿನ ಮೇಲೂ ಡಬ್ಬಗಳ ಮೇಲೂ ಆ ಲೈನಿನ 08392 ನಂಬರೇ ಇದೆ. ಇಮೇಲ್ ಕೂಡ ಆ ಕಂಪನಿ ಕೊಟ್ಟಿದ್ದು. ಪಕ್ಕದ ಅಂಗಡಿಯವರು ‘ಗ್ರಾಹಕರ ಕೋರ್ಟಿಗೆ ಹಾಕಿ, ಲಕ್ಷಗಟ್ಟಲೆ ಬರುತ್ತೆ’ ಅಂತಾರೆ. ಇನ್ನೊಂದು ಕಂಪನಿಯ ಹುಡುಗ ‘5ಜಿ ಬಾಕ್ಸ್ ತಗೊಳ್ಳಿ, ನಾಳೆಯೇ ಹಾಕ್ತೀನಿ’ ಅಂತ ದಿನಾ ಬರುತ್ತಾನೆ. ಈ ಲೈನ್ ಉಳಿಸಿಕೊಳ್ಳುವ ದಾರಿ ಇದೆಯಾ? ಇಲ್ಲದಿದ್ದರೆ ಏನು ಮಾಡಬೇಕು? ಮೋಡೆಮ್‌ನ ಫೋಟೋ ಕಳಿಸಿದ್ದೇನೆ.

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಂಟರ್ನೆಟ್ ಹೋಗುತ್ತದೆ ಎನ್ನುವುದಕ್ಕಿಂತ, 11 ವರ್ಷದಲ್ಲಿ ಈ ಒಂದು ಲೈನಿಗೆ ಏನೇನು ಕಟ್ಟಿಕೊಂಡಿದ್ದೀರೋ ಅದೆಲ್ಲ ಒಂದೇ ದಿನ ಕಳಚಿ ಬೀಳುತ್ತದೆ ಎನ್ನುವುದೇ ನಿಮ್ಮ ಆತಂಕ. ಅದು ಸರಿಯಾದ ಆತಂಕ. ಬಳ್ಳಾರಿಯಲ್ಲಿ ಇಂಟರ್ನೆಟ್ ಇನ್ನೊಂದು ಕಡೆಯಿಂದ ಸಿಕ್ಕೇ ಸಿಗುತ್ತದೆ. ಆದರೆ ಹಳೆ ಲೈನಿನ ಜೊತೆಗೇ ಹೋಗುವ ಇಮೇಲು, ಫೋನ್ ನಂಬರು, ಐಪಿ ವಿಳಾಸ ಇವು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ. ಆದ್ದರಿಂದ ಆ ಹುಡುಗನಿಗೆ ಎರಡು ದಿನ ತಡೆಯಪ್ಪಾ ಅನ್ನಿ. ಮೊದಲು ಈ ಪತ್ರ ಪೂರ್ತಿ ಓದಿ.

ಉಳಿಸಿಕೊಳ್ಳುವ ದಾರಿಯ ಬಗ್ಗೆ ನೇರವಾಗಿ ಹೇಳುತ್ತೇನೆ. ಕಂಪನಿ ಒಂದು ಊರಲ್ಲಿ ಒಂದು ಸೇವೆಯನ್ನು ನಿಲ್ಲಿಸಲು ತೀರ್ಮಾನಿಸಿದರೆ ಅದನ್ನು ಒಬ್ಬ ಗ್ರಾಹಕರಿಗಾಗಿ ಮುಂದುವರಿಸುವುದಿಲ್ಲ. ಹಾಗೆ ಮುಂದುವರಿಸಿಯೇ ತೀರಬೇಕು ಎಂಬ ಕಾನೂನೂ ಇಲ್ಲ. ಮುಂಚೆ ತಿಳಿಸಬೇಕು ಎಂಬ ಕಟ್ಟುಪಾಡು ಮಾತ್ರ ಇದೆ. ದೂರಸಂಪರ್ಕ ಇಲಾಖೆಯ ಯೂನಿಫೈಡ್ ಲೈಸೆನ್ಸ್ ಷರತ್ತಿನಲ್ಲಿ, ಲೈಸೆನ್ಸ್ ಒಪ್ಪಿಸಿಬಿಡುವ ಕಂಪನಿ ಇಲಾಖೆಗೆ ಕನಿಷ್ಠ 60 ದಿನ ಮುಂಚೆ, ಪ್ರತಿ ಗ್ರಾಹಕರಿಗೆ 30 ದಿನ ಮುಂಚೆ ನೋಟಿಸ್ ಕೊಡಬೇಕು. ನಿಮಗೆ ಬಂದ ಮೆಸೇಜಿನಲ್ಲಿ 30 ದಿನ ಎಂದಿರುವುದು ಆ ಲೆಕ್ಕಕ್ಕೆ ಹೊಂದುತ್ತದೆ. ಮೆಸೇಜನ್ನು ಅಳಿಸಬೇಡಿ. ದಿನಾಂಕ, ಕಳಿಸಿದವರ ಹೆಸರು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಇಡಿ. ಮುಂದೆ ದುಡ್ಡಿನ ಮಾತು ಬಂದಾಗ ನಿಮ್ಮ ಕೈಯಲ್ಲಿರುವ ಮೊದಲ ಕಾಗದ ಅದೇ.

ಆದರೆ ಮೆಸೇಜು ಒಂದು ಮುಖ್ಯ ವಿಷಯ ಹೇಳಿಲ್ಲ: ಬಂದ್ ಆಗುತ್ತಿರುವುದು ಏನು? ಕಂಪನಿ ಬಾಗಿಲು ಹಾಕುತ್ತಿದೆಯೇ, ಬಳ್ಳಾರಿ ಬಿಡುತ್ತಿದೆಯೇ, ಬರೀ ತಾಮ್ರದ ಲೈನ್ ನಿಲ್ಲಿಸುತ್ತಿದೆಯೇ, ಇಲ್ಲಾ ಹಳೆ ಪ್ಲಾನ್ ಮಾತ್ರ ತೆಗೆಯುತ್ತಿದೆಯೇ? ನಾಲ್ಕೂ ಬೇರೆ ಬೇರೆ. ನಿಮ್ಮ ಫೋಟೋದಲ್ಲಿ ಮೋಡೆಮ್‌ಗೆ ಬಂದಿರುವುದು ತೆಳ್ಳಗಿನ ಫೋನ್ ತಂತಿ, ಫೈಬರ್ ಅಲ್ಲ. ಹಾಗಾಗಿ ತಾಮ್ರದ ಲೈನ್ ನಿಲ್ಲಿಸುತ್ತಿದ್ದಾರೆ ಎಂದೇ ನನ್ನ ಅಂದಾಜು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಕೇಳಬೇಕಾದ್ದು ಇಷ್ಟು: ‘ಇದೇ ವಿಳಾಸಕ್ಕೆ ನಿಮ್ಮದೇ ಫೈಬರ್ ಕೊಡುತ್ತೀರಾ? ಕೊಟ್ಟರೆ ಇದೇ ಫೋನ್ ನಂಬರ್, ಇದೇ ಸ್ಟ್ಯಾಟಿಕ್ ಐಪಿ ಉಳಿಯುತ್ತಾ?’ ಅದೇ ಕಂಪನಿ ತಾಮ್ರದಿಂದ ಫೈಬರ್‌ಗೆ ಬದಲಿಸುವಾಗ ನಂಬರ್ ಉಳಿಯುವ ಸಾಧ್ಯತೆ ಚೆನ್ನಾಗಿರುತ್ತದೆ. ಹೌದು ಎಂದರೆ ನಿಮ್ಮ ಅರ್ಧ ತಲೆನೋವು ಅಲ್ಲಿಗೇ ಮುಗಿಯಿತು. ಉತ್ತರವನ್ನು ಬಾಯಿಮಾತಲ್ಲಿ ಬಿಡಬೇಡಿ, ದೂರು ನಂಬರ್ ಕೇಳಿ ಬರೆದುಕೊಳ್ಳಿ, ಇಮೇಲ್‌ನಲ್ಲೂ ಕಳಿಸಿ ಎನ್ನಿ.

ಯಾಕೆ ನಿಲ್ಲಿಸುತ್ತಾರೆ ಎಂದು ಎಷ್ಟೋ ಜನ ಕೋಪದಿಂದ ಕೇಳುತ್ತಾರೆ. ನಾನು ಈ ಭಾಗದಲ್ಲಿ ಕೇಬಲ್ ಜೊತೆಗೇ ಬೆಳೆದವನು, ಆ ಕಾರಣವನ್ನು ಕಣ್ಣಾರೆ ನೋಡಿದ್ದೇನೆ. ರಸ್ತೆ ಬದಿಯ ಹಳೆಯ ಜಾಯಿಂಟ್ ಬಿಚ್ಚಿದರೆ ತಾಮ್ರದ ಎಳೆಯ ತುದಿಗೆ ಹಸಿರು ಕಿಲುಬು ಹಿಡಿದಿರುತ್ತದೆ. ಬೆರಳಲ್ಲಿ ಹಿಡಿದು ಸ್ವಲ್ಪ ಬಗ್ಗಿಸಿದರೆ ಮುರಿದೇ ಹೋಗುತ್ತದೆ. ಮುರಿದ ಕಡೆಯಿಂದ ಒಂದು ಗೇಣು ಹಿಂದಕ್ಕೆ ಕತ್ತರಿಸಿ ಮತ್ತೆ ಜೋಡಿಸಬೇಕು, ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ರಸ್ತೆ ಅಗಲ ಮಾಡುವಾಗ, ಒಳಚರಂಡಿ ಅಗೆಯುವಾಗ ಜೆಸಿಬಿ ಬಾಯಿಗೆ ಸಿಕ್ಕ ಕೇಬಲ್‌ನಲ್ಲಿ ನೂರಾರು ಜೋಡಿ ತಂತಿಗಳಿರುತ್ತವೆ. ಒಂದೊಂದನ್ನೂ ಬಣ್ಣ ನೋಡಿ ಕೂಡಿಸಲು ದಿನಗಟ್ಟಲೆ ಬೇಕು. ಒಂದು ಕಾಲದಲ್ಲಿ ಆ ಕೇಬಲ್‌ನಲ್ಲಿ ನೂರು ಮನೆ ಇದ್ದವು, ಈಗ ಏಳೆಂಟು. ಆ ಏಳೆಂಟು ಜನರ ಬಾಡಿಗೆಯಲ್ಲಿ ಲೈನ್‌ಮನ್ ಸಂಬಳವೂ ಹುಟ್ಟುವುದಿಲ್ಲ. ಅದರ ಮೇಲೆ ತಾಮ್ರದ ಕಳ್ಳತನ. ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಆದರೆ ಇದು ಮಾತಾಡಿ ನಿಲ್ಲಿಸಬಹುದಾದ ಸಂಗತಿಯೂ ಅಲ್ಲ.

ಫೈಬರ್ ಇದ್ದವರಿಗೂ ಈ ಮೆಸೇಜ್ ಬರುವುದುಂಟು. ಅಲ್ಲಿ ಕಾರಣ ಬೇರೆ. ನಮ್ಮ ಕಡೆ ಎಷ್ಟೋ ಕಂಪನಿಗಳ ಕೊನೆಯ ಒಂದೆರಡು ಕಿಲೋಮೀಟರ್ ಕೇಬಲ್ ಇರುವುದು ಸ್ಥಳೀಯ ಪಾಲುದಾರರ ಕೈಯಲ್ಲಿ. ಕಂಪನಿಗೂ ಅವರಿಗೂ ಲೆಕ್ಕ ಸರಿಹೋಗದಿದ್ದರೆ ಓಣಿಗೆ ಓಣಿಯೇ ಬಂದ್. ಅಂಥ ಸಂದರ್ಭದಲ್ಲಿ ಅದೇ ಕೇಬಲ್‌ನವರು ಎರಡು ವಾರದಲ್ಲಿ ಇನ್ನೊಂದು ಕಂಪನಿಯ ಹೆಸರಲ್ಲಿ ಬಾಗಿಲಿಗೆ ಬರುತ್ತಾರೆ. ತಂತಿ ಅದೇ, ಕಂಬ ಅದೇ, ಬಿಲ್ಲಿನ ಮೇಲಿನ ಹೆಸರು ಮಾತ್ರ ಬೇರೆ. ಸೇರುವ ಮುಂಚೆ ಅದನ್ನು ತಿಳಿದಿರಬೇಕು.

ಈಗ ನಿಮ್ಮ ನಿಜವಾದ ಕೆಲಸಕ್ಕೆ ಬರೋಣ. ಮೊದಲನೆಯದು ಇಮೇಲ್. ಇದನ್ನೇ ಮೊದಲಿಗೆ ಯಾಕೆ ಹೇಳುತ್ತೇನೆ ಅಂದರೆ, ಲೈನ್ ಹೋದ ಮೇಲೆ ಸರಿಪಡಿಸಲು ಬಹಳ ಕಷ್ಟವಾಗುವುದು ಇದೇ. ಕೆಲವು ವರ್ಷದ ಹಿಂದೆ ಗಂಗಾವತಿಯ ಒಂದು ರೈಸ್ ಮಿಲ್ಲಿನವರು ನನ್ನನ್ನು ಕರೆಸಿದ್ದರು. ಅವರ ಕಂಪನಿಯೂ ಹೀಗೇ ಸೇವೆ ನಿಲ್ಲಿಸಿತ್ತು. ಹೊಸ ಲೈನ್ ಮರುದಿನವೇ ಹಾಕಿಸಿಕೊಂಡಿದ್ದರು, ಎಲ್ಲಾ ಮುಗಿಯಿತು ಅಂದುಕೊಂಡಿದ್ದರು. ಎರಡು ವಾರದ ಮೇಲೆ ಬ್ಯಾಂಕಿನ ಪಾಸ್‌ವರ್ಡ್ ಅವಧಿ ಮುಗಿಯಿತು. ಬದಲಿಸಲು ಹೋದರೆ ಕೋಡ್ ಹೋಗುತ್ತಿದ್ದದ್ದು ಹಳೆಯ ಕಂಪನಿಯ ಇಮೇಲ್‌ಗೆ, ಆ ವಿಳಾಸವೇ ಇಲ್ಲ. ಭತ್ತ ತಂದ ರೈತರು ಹೊರಗೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕೂತಿದ್ದಾರೆ, ಮಾಲೀಕರು ಬ್ಯಾಂಕಿನ ಕೌಂಟರ್‌ನಲ್ಲಿ ಗುರುತಿನ ಚೀಟಿ ಹಿಡಿದು ನಿಂತಿದ್ದಾರೆ. ಆ ವಾರ ಅವರು ಪಟ್ಟ ಪಾಡು ಇನ್ನೂ ನನ್ನ ಕಣ್ಣಲ್ಲಿದೆ.

ಆದ್ದರಿಂದ ಇವತ್ತೇ ಕೂತು, ಯಾವ ಕಂಪನಿಯ ಇಂಟರ್ನೆಟ್ಟಿಗೂ ಸೇರದ ಒಂದು ಇಮೇಲ್ ಮಾಡಿಕೊಳ್ಳಿ. ನಿಮ್ಮ ಬ್ರ್ಯಾಂಡಿನ ಹೆಸರಲ್ಲಿ ಸ್ವಂತ ಡೊಮೇನ್ (ಇಂಟರ್ನೆಟ್ಟಿನಲ್ಲಿ ನಿಮ್ಮದೇ ಹೆಸರು) ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಆಗ ಮುಂದೆ ಯಾರು ಬಾಗಿಲು ಹಾಕಿದರೂ ವಿಳಾಸ ನಿಮ್ಮದೇ. ಆಮೇಲೆ ಹಳೆ ವಿಳಾಸ ಎಲ್ಲೆಲ್ಲಿ ಕೊಟ್ಟಿದ್ದೀರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಜಿಎಸ್‌ಟಿ, ಇ-ವೇ ಬಿಲ್, ಆದಾಯ ತೆರಿಗೆ, ಉದ್ಯಮ ನೋಂದಣಿ, ಬ್ಯಾಂಕು, ಜೆಸ್ಕಾಂ ಬಿಲ್ಲು, ಆನ್‌ಲೈನ್ ಮಾರಾಟದ ಖಾತೆಗಳು, ಬಟ್ಟೆ ಕಳಿಸುವ ಮಿಲ್ಲುಗಳು, ಟ್ಯಾಲಿ ಲೈಸೆನ್ಸ್. ಜಿಎಸ್‌ಟಿ ಪೋರ್ಟಲ್‌ನಲ್ಲಿ ಇಮೇಲ್, ಮೊಬೈಲ್ ಬದಲಾವಣೆ ‘ನಾನ್-ಕೋರ್’ ತಿದ್ದುಪಡಿ. ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ, ಓಟಿಪಿ ಹಾಕಿದರೆ ಆಯಿತು. ಬ್ಯಾಂಕಿಗೆ ಮಾತ್ರ ಸಹಿ ಮಾಡಿದ ಅರ್ಜಿ ಕೇಳುವ ಸಾಧ್ಯತೆ ಹೆಚ್ಚು, ಅದಕ್ಕೇ ಅದನ್ನು ಮೊದಲು ಮಾಡಿ. ಹಳೆ ಇಮೇಲ್‌ನಲ್ಲಿರುವ ಪತ್ರಗಳನ್ನು ಅಕೌಂಟೆಂಟ್ ಕಡೆಯಿಂದ ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ. ಹಳೆ ಇನ್‌ವಾಯ್ಸ್, ದರದ ಒಪ್ಪಂದ ಎಲ್ಲಾ ಅದರಲ್ಲೇ ಇರುತ್ತದೆ.

ನಿಮಗೆ ವೆಬ್‌ಸೈಟ್ ಇದ್ದರೆ, ಅದನ್ನೂ ಆ ಕಂಪನಿಯೇ ಮಾಡಿಕೊಟ್ಟಿದ್ದರೆ, ಡೊಮೇನ್ ಯಾರ ಹೆಸರಲ್ಲಿ ನೋಂದಣಿ ಆಗಿದೆ ನೋಡಿ. ಕಂಪನಿಯವರ ಹೆಸರಲ್ಲೇ ಇರುವುದನ್ನು ಬಹಳ ಸಲ ನೋಡಿದ್ದೇನೆ. ವರ್ಗಾವಣೆಯ ಕೋಡ್ ಈಗಲೇ ಕೇಳಿ ಪಡೆಯಿರಿ. ಕಚೇರಿ ಖಾಲಿ ಆದಮೇಲೆ ಕೇಳಲು ಯಾರೂ ಇರುವುದಿಲ್ಲ.

ಎರಡನೆಯದು 08392 ನಂಬರು. ಮೊಬೈಲ್ ನಂಬರ್ ಹಾಗೆ ಇದನ್ನೂ ಇನ್ನೊಂದು ಕಂಪನಿಗೆ ಒಯ್ಯಬಹುದು ಎಂದು ತುಂಬಾ ಜನ ನಂಬಿದ್ದಾರೆ. ಅದು ಆಗುವುದಿಲ್ಲ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿ 20ರಂದು ದೇಶಕ್ಕೆಲ್ಲ ಬಂತು. ಆದರೆ ಅದು ಮೊಬೈಲ್‌ಗೆ ಮಾತ್ರ. 2018ರಲ್ಲಿ ಏರ್‌ಸೆಲ್ ಕುಸಿದಾಗ ಅದರ ಗ್ರಾಹಕರು ನಂಬರ್ ಸಮೇತ ಬೇರೆ ಕಡೆ ಹೋಗಲು ಸಾಧ್ಯವಾದದ್ದು ಆ ನಿಯಮದಿಂದ. ಲ್ಯಾಂಡ್‌ಲೈನ್‌ಗೆ ಅಂಥ ದಾರಿ ಇಲ್ಲ. ಆದ್ದರಿಂದ ಇನ್ನು ಮೇಲೆ ಅಚ್ಚಾಗುವ ಬಿಲ್ ಬುಕ್, ಡಬ್ಬ, ಲೇಬಲ್ ಮೇಲೆ ಒಂದು ಮೊಬೈಲ್ ನಂಬರ್ ಹಾಕಿಸಿ, ಅದು ಅಂಗಡಿಯ ಹೆಸರಲ್ಲೇ ಇರಲಿ, ಹುಡುಗರ ಹೆಸರಲ್ಲಿ ಬೇಡ. ಈ ಒಂದು ತಿಂಗಳು ಹಳೆ ನಂಬರ್‌ಗೆ ಬರುವ ಕರೆಯನ್ನು ಮೊಬೈಲ್‌ಗೆ ಫಾರ್ವರ್ಡ್ ಮಾಡಿಸಿ, ಕರೆ ಮಾಡಿದ ಪ್ರತಿಯೊಬ್ಬರಿಗೂ ಹೊಸ ನಂಬರ್ ಹೇಳಿ. ನಂಬಿಕೆಯ ಹಳೆ ವ್ಯಾಪಾರಿಗಳಿಗೆ ನೀವೇ ಕರೆ ಮಾಡಿ ತಿಳಿಸಿ. ಸೊಲ್ಲಾಪುರದ ಒಬ್ಬ ಸಗಟು ವ್ಯಾಪಾರಿ ವರ್ಷಕ್ಕೆ ಎರಡೇ ಸಲ ಫೋನ್ ಮಾಡುವವರಾಗಿರಬಹುದು. ಅವರನ್ನು ಕಳೆದುಕೊಳ್ಳುವುದು ಈ ಲೈನ್ ಕಳೆದುಕೊಳ್ಳುವುದಕ್ಕಿಂತ ದೊಡ್ಡ ನಷ್ಟ.

ಮೂರನೆಯದು ಸ್ಟ್ಯಾಟಿಕ್ ಐಪಿ. ಇದನ್ನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ 5ಜಿ ಬಾಕ್ಸ್ ತರುವ ಹುಡುಗ ನಿಮಗೆ ಹೇಳದೇ ಇರುವುದು ಇದನ್ನೇ. ಐಪಿ ಎಂದರೆ ಇಂಟರ್ನೆಟ್ಟಿನಲ್ಲಿ ನಿಮ್ಮ ಮನೆ ನಂಬರ್. ಆ ನಂಬರ್‌ಗಳ ಒಡೆಯರು ಕಂಪನಿಯವರು, ನೀವು ಬಾಡಿಗೆಗೆ ಇದ್ದೀರಿ, ಬಿಟ್ಟು ಹೋಗುವಾಗ ಒಯ್ಯುವಂತಿಲ್ಲ. ಹಳೆಯ ಪದ್ಧತಿಯ ಐಪಿ ವಿಳಾಸಗಳು ಪ್ರಪಂಚಕ್ಕೆಲ್ಲ ಇರುವುದು ಸುಮಾರು 430 ಕೋಟಿ. ಹಂಚುವವರ ಮೂಲ ದಾಸ್ತಾನು 2011ರಲ್ಲೇ ಖಾಲಿಯಾಯಿತು. ಅದಕ್ಕೇ ಈಗ ಕಂಪನಿಗಳು ಒಂದೇ ಹೊರ ವಿಳಾಸದ ಹಿಂದೆ ಹತ್ತಾರು, ನೂರಾರು ಗ್ರಾಹಕರನ್ನು ಕೂರಿಸುತ್ತವೆ. ಇದಕ್ಕೆ ಸಿಜಿನ್ಯಾಟ್ ಅನ್ನುತ್ತಾರೆ. ಒಂದು ವಠಾರಕ್ಕೆಲ್ಲ ಒಂದೇ ಬೀದಿ ಬಾಗಿಲು ಇದ್ದಂತೆ. ಒಳಗಿನಿಂದ ಯಾರು ಬೇಕಾದರೂ ಹೊರಗೆ ಹೋಗಬಹುದು. ಆದರೆ ಹೊರಗಿನಿಂದ ಬಂದವರು ‘ಜೀನ್ಸ್ ಘಟಕದವರ ಮನೆ ಯಾವುದು’ ಎಂದು ಕೇಳಿದರೆ ಬಾಗಿಲಲ್ಲಿ ಹೇಳುವವರಿಲ್ಲ. ನಿಮ್ಮ ಅಕೌಂಟೆಂಟ್ ಹುಬ್ಬಳ್ಳಿಯಿಂದ ಬರುವುದು, ನೀವು ಮನೆಯಿಂದ ಕ್ಯಾಮೆರಾ ನೋಡುವುದು ಎರಡೂ ಹೊರಗಿನಿಂದ ಒಳಗೆ ಬರುವ ಕೆಲಸ. ಅಲ್ಲೇ ನಿಲ್ಲುತ್ತದೆ.

ಹೊಸ ಲೈನಿನಲ್ಲಿ ಸಿಜಿನ್ಯಾಟ್ ಇದೆಯೋ ಇಲ್ಲವೋ ನೀವೇ ನೋಡಬಹುದು. ರೂಟರ್‌ನ ಒಳಪುಟ ತೆರೆಯಿರಿ, ಸಾಮಾನ್ಯವಾಗಿ 192.168.1.1 ಎಂದು ಬ್ರೌಸರ್‌ನಲ್ಲಿ ಹೊಡೆದರೆ ಬರುತ್ತದೆ. ಅದರಲ್ಲಿ ‘ವ್ಯಾನ್’ (WAN) ಎಂದು ಇರುವ ಕಡೆ ಒಂದು ವಿಳಾಸ ಕಾಣುತ್ತದೆ. ಅದು 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ವಠಾರದಲ್ಲಿದ್ದೀರಿ. 10ರಿಂದ ಶುರುವಾದರೂ ಅದೇ ಅರ್ಥ. ಹುಡುಗ ಬಾಕ್ಸ್ ಹಾಕಿ ದುಡ್ಡು ತೆಗೆದುಕೊಳ್ಳುವ ಮುಂಚೆ, ಅವನ ಎದುರಿಗೇ ಈ ಪುಟ ತೆರೆದು ನೋಡಿ.

ಹಾಗಂತ ಗಾಬರಿ ಬೇಡ. ಸ್ಟ್ಯಾಟಿಕ್ ಐಪಿ ನಿಮಗೆ ನಿಜವಾಗಿ ಬೇಕೇ ಎಂಬುದೇ ನನ್ನ ಪ್ರಶ್ನೆ. 11 ವರ್ಷದ ಹಿಂದೆ ಬೇಕಿತ್ತು. ಈಗ ಕ್ಯಾಮೆರಾದ ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆ ತಾನಾಗಿಯೇ ಹೊರಗೆ ಹೋಗಿ ಕಂಪನಿಯ ಸರ್ವರ್ ಮೂಲಕ ನಿಮ್ಮ ಮೊಬೈಲ್ ಆ್ಯಪ್‌ಗೆ ಸೇರುತ್ತದೆ. ಪೆಟ್ಟಿಗೆಯ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಸಾಕು, ಸಿಜಿನ್ಯಾಟ್ ಅಡ್ಡಿ ಬರುವುದಿಲ್ಲ. ನಿಮ್ಮದು ಬಹಳ ಹಳೆಯದಾಗಿದ್ದು ಆ ಸೌಲಭ್ಯ ಇಲ್ಲದಿದ್ದರೆ ಮಾತ್ರ ಪೆಟ್ಟಿಗೆ ಬದಲಿಸಬೇಕಾಗುತ್ತದೆ. ಟ್ಯಾಲಿಗೂ ಹಾಗೆಯೇ. ಟ್ಯಾಲಿ.ನೆಟ್ ಐಡಿಯ ಮೂಲಕ ದೂರದಿಂದ ತೆರೆಯುವ ವ್ಯವಸ್ಥೆ ಅದರಲ್ಲೇ ಇದೆ, ಚಂದಾ ಚಾಲ್ತಿಯಲ್ಲಿರಬೇಕು ಅಷ್ಟೇ. ಅದು ಬೇಡವಾದರೆ ಎರಡೂ ಕಂಪ್ಯೂಟರ್‌ನಲ್ಲಿ ವಿಪಿಎನ್ (ಎರಡನ್ನೂ ಗುಟ್ಟಾಗಿ ಜೋಡಿಸುವ ಸಾಫ್ಟ್‌ವೇರ್) ಹಾಕಿಸಿ. ವಠಾರದ ಒಳಗಿಂದಲೂ ಕೆಲಸ ಮಾಡುವ ವಿಪಿಎನ್‌ಗಳು ಈಗ ಇವೆ.

ಇಲ್ಲಿ ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ ವಿಷಯ ಒಂದಿದೆ. ನಿಮ್ಮ ಅಕೌಂಟೆಂಟ್ ಈಗ ಹೇಗೆ ಒಳಗೆ ಬರುತ್ತಿದ್ದಾರೆ? ರೂಟರ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್‌ನ (ದೂರದಿಂದ ಕಂಪ್ಯೂಟರ್ ನಡೆಸುವ ವ್ಯವಸ್ಥೆಯ) 3389 ಪೋರ್ಟ್, ಅಂದರೆ ಅದರ ಬಾಗಿಲು, ತೆರೆದಿಟ್ಟಿದ್ದರೆ, ಅದು ಅಂಗಡಿಯ ಶಟರ್ ಅರ್ಧ ಎತ್ತಿಟ್ಟು ಮನೆಗೆ ಹೋದಂತೆ. ಇಡೀ ಇಂಟರ್ನೆಟ್ಟನ್ನು ಜಾಲಾಡಿ ಅಂಥ ತೆರೆದ ಪೋರ್ಟ್ ಹುಡುಕುವ ಪ್ರೋಗ್ರಾಮ್‌ಗಳು ಹಗಲು ರಾತ್ರಿ ಓಡುತ್ತಲೇ ಇರುತ್ತವೆ. ಸಿಕ್ಕರೆ ಟ್ಯಾಲಿಯ ಡೇಟಾಕ್ಕೆ ಬೀಗ ಹಾಕಿ ದುಡ್ಡು ಕೇಳುತ್ತಾರೆ. ಕ್ಯಾಮೆರಾ ಪೆಟ್ಟಿಗೆಗೂ ಅದೇ ಅಪಾಯ. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮ್ ಪ್ರಪಂಚದಾದ್ಯಂತ ಡಿವಿಆರ್, ಕ್ಯಾಮೆರಾಗಳನ್ನು ವಶಕ್ಕೆ ತೆಗೆದುಕೊಂಡದ್ದು, ಅವುಗಳ ಕಾರ್ಖಾನೆ ಪಾಸ್‌ವರ್ಡ್ ಯಾರೂ ಬದಲಿಸದೇ ಇದ್ದದ್ದರಿಂದ. ಲೈನ್ ಬದಲಿಸುವ ಈ ಹೊತ್ತಿನಲ್ಲೇ ಆ ಪೋರ್ಟ್‌ಗಳನ್ನು ಮುಚ್ಚಿಸಿ, ಡಿವಿಆರ್ ಪಾಸ್‌ವರ್ಡ್ ಬದಲಿಸಿ, ಟ್ಯಾಲಿಯ ಬ್ಯಾಕಪ್ ಒಂದು ಪೆನ್‌ಡ್ರೈವ್‌ಗೆ ತೆಗೆದು ಅದನ್ನು ಕಂಪ್ಯೂಟರ್‌ನಿಂದ ಕಿತ್ತು ಬೀರುವಿನಲ್ಲಿಡಿ.

ಸ್ಟ್ಯಾಟಿಕ್ ಐಪಿ ನಿಜವಾಗಿ ಬೇಕಾಗುವವರೂ ಇದ್ದಾರೆ. ನಿಮ್ಮ ಸಾಫ್ಟ್‌ವೇರ್ ನೇರವಾಗಿ ಸರ್ಕಾರದ ಇ-ಇನ್‌ವಾಯ್ಸ್ (ಜಿಎಸ್‌ಟಿ ಬಿಲ್ಲಿನ ಆನ್‌ಲೈನ್ ನೋಂದಣಿ) ಸರ್ವರ್‌ಗೆ ಜೋಡಣೆ ಆಗಿದ್ದರೆ, ಅಲ್ಲಿ ನಿಮ್ಮ ಐಪಿ ನೋಂದಾಯಿಸಿರುತ್ತಾರೆ. ಬದಲಾದ ದಿನವೇ ಬಿಲ್ ಹುಟ್ಟುವುದು ನಿಲ್ಲುತ್ತದೆ. ವಹಿವಾಟು 5 ಕೋಟಿ ದಾಟಿದವರಿಗೆ 2023ರ ಆಗಸ್ಟ್‌ನಿಂದ ಇ-ಇನ್‌ವಾಯ್ಸ್ ಕಡ್ಡಾಯ. ನೀವು ಪೋರ್ಟಲ್‌ನಲ್ಲಿ ಕೈಯಾರೆ ಮಾಡುತ್ತಿದ್ದರೆ ಈ ತೊಂದರೆ ಇಲ್ಲ. ಇ-ವೇ ಬಿಲ್ಲಿಗಂತೂ ಮೊಬೈಲ್ ಹಾಟ್‌ಸ್ಪಾಟ್ ಸಾಕು, ಲೈನ್ ಇಲ್ಲ ಅಂತ ಲಾರಿ ನಿಲ್ಲಬೇಕಿಲ್ಲ. ಸಾಫ್ಟ್‌ವೇರ್ ಕೊಟ್ಟವರನ್ನು ಒಂದು ಮಾತು ಕೇಳಿ: ‘ನಮ್ಮ ಐಪಿ ಎಲ್ಲಾದರೂ ನೋಂದಣಿ ಆಗಿದೆಯಾ?’

ಇನ್ನು ಯಾವ ಲೈನ್? ಕೌಲ್ ಬಜಾರಿನಂಥ ಕಡೆ ಫೈಬರ್ ಸಿಕ್ಕರೆ ಅದೇ ಮೊದಲ ಆಯ್ಕೆ. ಬಿಎಸ್ಎನ್ಎಲ್, ಜಿಯೋ, ಏರ್‌ಟೆಲ್, ಸ್ಥಳೀಯ ಕೇಬಲ್‌ನವರು ಯಾರೇ ಇರಲಿ, ನಿಮ್ಮ ಓಣಿಯಲ್ಲಿ ದೂರು ಕೊಟ್ಟರೆ ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಪಕ್ಕದ ನಾಲ್ಕು ಅಂಗಡಿಯಲ್ಲಿ ಕೇಳಿ. ಜಾಹೀರಾತಿನ ಸ್ಪೀಡಿಗಿಂತ ಆ ಉತ್ತರ ಮುಖ್ಯ. 5ಜಿ ಬಾಕ್ಸ್ ಕೆಟ್ಟದ್ದಲ್ಲ. ಆದರೆ ಅದರ ಒಳಗಿರುವುದು ಒಂದು ಸಿಮ್. ಟವರ್ ಮೇಲೆ ಸಂಜೆ ಹೊತ್ತು ಜನ ಹೆಚ್ಚಾದರೆ ವೇಗ ಇಳಿಯುತ್ತದೆ. ನಿಮ್ಮ ಘಟಕದ ಮೇಲೆ ತಗಡಿನ ಚಾವಣಿ ಇದ್ದರೆ ಒಳಗಿಟ್ಟ ಬಾಕ್ಸ್‌ಗೆ ಸಿಗ್ನಲ್ ಸರಿಯಾಗಿ ಸಿಗದು, ಹೊರಗಿನ ಆಂಟೆನಾ ಟವರ್ ಕಡೆ ಮುಖ ಮಾಡಿ ಕೂರಬೇಕು. ಲೀಸ್ಡ್ ಲೈನ್ (ಒಬ್ಬರಿಗೇ ಮೀಸಲಾದ ಲೈನ್) ತಗೊಳ್ಳಿ ಎಂದು ಯಾರಾದರೂ ಹೇಳಿದರೆ ಬೇಡ ಅನ್ನಿ. ಅದು ಆಸ್ಪತ್ರೆ, ಬ್ಯಾಂಕ್, ದೊಡ್ಡ ಕಾರ್ಖಾನೆಗಳಿಗೆ, 18 ಮೆಷಿನ್ನಿನ ಘಟಕಕ್ಕೆ ದುಂದು.

ನನ್ನ ಸಲಹೆ ಫೈಬರ್ ಒಂದು, ಅದರ ಬೆನ್ನಿಗೆ ಕಡಿಮೆ ಪ್ಲಾನಿನ 5ಜಿ ಒಂದು. ಎರಡು ಫೈಬರ್ ಇಟ್ಟುಕೊಳ್ಳಬೇಡಿ. ಒಮ್ಮೆ ನಿಮ್ಮ ಓಣಿಯ ಕರೆಂಟ್ ಕಂಬವನ್ನು ತಲೆಯೆತ್ತಿ ನೋಡಿ. ನಾಲ್ಕು ಕಂಪನಿಯ ಕಪ್ಪು ಕೇಬಲ್‌ಗಳು ಒಂದೇ ಕೊಕ್ಕೆಗೆ ಸುತ್ತಿಕೊಂಡಿರುತ್ತವೆ. ಮೇ ತಿಂಗಳ ಗಾಳಿಮಳೆಗೆ ಕೊಂಬೆ ಬಿದ್ದರೆ, ಎತ್ತರದ ಲಾರಿ ಎಳೆದುಕೊಂಡು ಹೋದರೆ, ನಾಲ್ಕೂ ಒಟ್ಟಿಗೆ ಹೋಗುತ್ತವೆ. ರಾಯಚೂರಿನ ಒಂದು ಹತ್ತಿ ವ್ಯಾಪಾರಿಯ ಕಚೇರಿಯಲ್ಲಿ ಎರಡು ಕಂಪನಿಯ ಲೈನ್‌ಗೆ ದುಡ್ಡು ಕಟ್ಟುತ್ತಿದ್ದರು, ಎರಡೂ ಪ್ರತಿಸಲ ಒಂದೇ ನಿಮಿಷದಲ್ಲಿ ಹೋಗುತ್ತಿದ್ದವು. ಒಂದು ಕಂಬದಿಂದ ಬರಲಿ, ಇನ್ನೊಂದು ಗಾಳಿಯಲ್ಲಿ ಬರಲಿ. ಕರೆಂಟ್ ಹೋದಾಗ ಫೈಬರ್ ಬಾಕ್ಸ್‌ಗೂ ರೂಟರ್‌ಗೂ ಒಂದು ಸಣ್ಣ 12 ವೋಲ್ಟ್ ಯುಪಿಎಸ್ ಇಟ್ಟರೆ ಕೆಲಸ ನಡೆಯುತ್ತದೆ.

ಹೊಸ ಲೈನ್ ಬಂದ ಮೇಲೂ ಹಳೆಯದನ್ನು ತಕ್ಷಣ ಕತ್ತರಿಸಬೇಡಿ. ಕನಿಷ್ಠ ಹತ್ತು ದಿನ ಎರಡೂ ಇರಲಿ. ಆ ಹತ್ತು ದಿನ ಹಳೆ ಮೋಡೆಮ್ ಆಫ್ ಮಾಡಿಟ್ಟು ಕೆಲಸ ಮಾಡಿ ನೋಡಿ. ಏನಾದರೂ ನಿಂತರೆ ಹಳೆ ಮೋಡೆಮ್ ಮತ್ತೆ ಆನ್ ಮಾಡಿ ಅದನ್ನು ಸರಿಪಡಿಸಿಕೊಳ್ಳಬಹುದು. ಬಯೋಮೆಟ್ರಿಕ್ ಹಾಜರಿ ಯಂತ್ರ, ಕಾರ್ಡ್ ಸ್ವೈಪ್ ಯಂತ್ರ, ಗೋಡೌನಿನ ಕ್ಯಾಮೆರಾ, ಹೀಗೆ ಮರೆತೇ ಹೋಗಿರುವ ಒಂದಲ್ಲ ಒಂದು ಆಗ ಹೊರಗೆ ಬರುತ್ತದೆ.

ಈಗ ದುಡ್ಡು ಮತ್ತು ಕೋರ್ಟಿನ ಮಾತು. ಉಳಿದ ಐದು ತಿಂಗಳ ಹಣ ನಿಮಗೆ ವಾಪಸ್ ಬರಬೇಕು, ಡೆಪಾಸಿಟ್ ಕೂಡ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2024ರ ಗುಣಮಟ್ಟದ ನಿಯಮಗಳಲ್ಲಿ, ಸೇವೆ ಮುಚ್ಚಿದ 45 ದಿನದೊಳಗೆ ಡೆಪಾಸಿಟ್ ಹಿಂತಿರುಗಿಸಬೇಕು ಎಂದಿದೆ. ‘ಬಾಕಿ ಹಣವನ್ನು ಹೊಸ ಪ್ಲಾನ್‌ಗೆ ಹೊಂದಿಸುತ್ತೇವೆ’ ಎಂದು ಹೇಳಿದರೆ, ನಿಮಗೆ ಆ ಪ್ಲಾನ್ ಬೇಕಿದ್ದರೆ ಮಾತ್ರ ಒಪ್ಪಿ. ವಾಪಸ್ ಬಂದಾಗ ಕ್ರೆಡಿಟ್ ನೋಟ್ ಕೇಳಿ. ಕಟ್ಟಿದ 18% ಜಿಎಸ್‌ಟಿಗೆ ನೀವು ಇನ್‌ಪುಟ್ ಕ್ರೆಡಿಟ್ ತೆಗೆದುಕೊಂಡಿದ್ದರೆ, ಹಿಂದಿರುಗಿದ ಭಾಗಕ್ಕೆ ಅದನ್ನು ರಿವರ್ಸ್ ಮಾಡಬೇಕಾಗುತ್ತದೆ, ಅಕೌಂಟೆಂಟ್‌ಗೆ ಮುಂಚೆಯೇ ಹೇಳಿಡಿ.

ಕೊಡದೇ ಸತಾಯಿಸಿದರೆ ನೇರವಾಗಿ ಟ್ರಾಯ್‌ಗೆ ಬರೆಯುವುದರಿಂದ ಪ್ರಯೋಜನವಿಲ್ಲ. ಟ್ರಾಯ್ ಒಬ್ಬೊಬ್ಬರ ದೂರು ಬಗೆಹರಿಸುವುದಿಲ್ಲ, ನಿಯಮ ಮಾಡುವುದು ಅದರ ಕೆಲಸ. 2012ರ ನಿಯಮದ ಪ್ರಕಾರ ಎರಡು ಮೆಟ್ಟಿಲು ಇದೆ. ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಡಾಕೆಟ್ ನಂಬರ್, ಅಂದರೆ ದೂರು ನಂಬರ್. ಸರಿಹೋಗದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಅಲ್ಲಿಗೆ 30 ದಿನದೊಳಗೆ ಹೋಗಬೇಕು, ಅವರು 39 ದಿನದೊಳಗೆ ತೀರ್ಮಾನಿಸಬೇಕು. ಡಾಕೆಟ್ ನಂಬರ್ ಇಲ್ಲದ ದೂರಿಗೆ ಮುಂದೆ ಎಲ್ಲೂ ಬೆಲೆ ಇಲ್ಲ, ಅದಕ್ಕೇ ಆ ನಂಬರ್ ಬಗ್ಗೆ ಮತ್ತೆ ಮತ್ತೆ ಹೇಳುತ್ತಿದ್ದೇನೆ. ಅದರಾಚೆ ದೂರಸಂಪರ್ಕ ಇಲಾಖೆಗೆ ಕೇಂದ್ರ ಸರ್ಕಾರದ ಕುಂದುಕೊರತೆ ಪೋರ್ಟಲ್‌ನಲ್ಲಿ ಬರೆಯಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಗ್ರಾಹಕರ ಕೋರ್ಟಿನ ಬಗ್ಗೆ ಪಕ್ಕದ ಅಂಗಡಿಯವರು ಅರ್ಧ ಸರಿ ಹೇಳಿದ್ದಾರೆ. ದೂರಸಂಪರ್ಕ ಕಂಪನಿಯ ಮೇಲೆ ಅಲ್ಲಿ ಹೋಗಬಹುದು ಎಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ವಾಣಿಜ್ಯ ಉದ್ದೇಶಕ್ಕೆ ಸೇವೆ ಪಡೆದವರು ‘ಗ್ರಾಹಕ’ ಎಂಬ ಮಾತಿನೊಳಗೆ ಬರುವುದಿಲ್ಲ. ಸ್ವಂತ ದುಡಿಮೆಯಿಂದ ಜೀವನ ನಡೆಸಲು ಮಾತ್ರ ಪಡೆದಿದ್ದರೆ ವಿನಾಯಿತಿ ಇದೆ. ಬಿಲ್ಲಿನ ಮೇಲೆ ‘ಬಿಸಿನೆಸ್’ ಎಂದೇ ಅಚ್ಚಾಗಿರುವಾಗ ಎದುರು ವಕೀಲರು ಎತ್ತುವ ಮೊದಲ ಆಕ್ಷೇಪ ಅದೇ. ಮನೆಯಲ್ಲೇ ಎರಡು ಮೆಷಿನ್ ಇಟ್ಟುಕೊಂಡು ಗಂಡ ಹೆಂಡತಿ ಹೊಲಿಯುವವರಿಗೆ ಆ ವಿನಾಯಿತಿ ಸಿಗುವ ಸಾಧ್ಯತೆ ನಿಮಗಿಂತ ಹೆಚ್ಚು. ಪ್ರಯತ್ನ ಮಾಡಬೇಡಿ ಎಂದು ನಾನು ಹೇಳುವುದಿಲ್ಲ. ಸೇವೆಗೆ ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ, ಎರಡು ವರ್ಷದ ಕಾಲಾವಕಾಶವೂ ಇದೆ. ಆದರೆ ಅಲ್ಲಿ ಕೇಳಬಹುದಾದ್ದು ನಿಮ್ಮ ಬಾಕಿ ಹಣ, ಅದರ ಬಡ್ಡಿ, ಪಟ್ಟ ತೊಂದರೆಗೆ ಒಂದಿಷ್ಟು ಪರಿಹಾರ. 30 ದಿನ ಮುಂಚೆ ನೋಟಿಸ್ ಕೊಟ್ಟು ಸೇವೆ ನಿಲ್ಲಿಸಿದ್ದಕ್ಕೆ ಲಕ್ಷಗಟ್ಟಲೆ ಬರುತ್ತದೆ ಎಂಬ ಆಸೆ ಇಟ್ಟುಕೊಂಡು ವಕೀಲರ ಫೀಸು ಕೊಡಬೇಡಿ. ನಿಮ್ಮ ಮೊದಲ ಅಸ್ತ್ರ ಡಾಕೆಟ್ ನಂಬರ್ ಹಾಕಿದ ಒಂದು ಪುಟದ ಪತ್ರ, ಸ್ಪೀಡ್ ಪೋಸ್ಟ್‌ನಲ್ಲಿ.

ಆ ಪತ್ರದಲ್ಲಿ ಹೆಚ್ಚೇನೂ ಬೇಡ. ಗ್ರಾಹಕ ಸಂಖ್ಯೆ, ಹಣ ಕಟ್ಟಿದ ದಿನಾಂಕ ಮತ್ತು ರಸೀದಿ ಸಂಖ್ಯೆ, ಮೆಸೇಜ್ ಬಂದ ದಿನ, ಸೇವೆ ನಿಲ್ಲುವ ದಿನ, ಬಾಕಿ ಎಷ್ಟು ದಿನ, ಅದಕ್ಕೆ ಎಷ್ಟು ರೂಪಾಯಿ, ಡೆಪಾಸಿಟ್ ಎಷ್ಟು, ಯಾವ ಖಾತೆಗೆ ಹಾಕಬೇಕು. ಬಾಕಿ ಲೆಕ್ಕವನ್ನು ನೀವೇ ಮಾಡಿ ಬರೆಯಿರಿ, ಅವರಿಗೆ ಬಿಡಬೇಡಿ.

ಬ್ಯಾಂಕಿನಲ್ಲಿ ಆಟೋ ಪೇ ಇದ್ದರೆ ಕೊನೆಯ ಬಿಲ್ ತೀರಿದ ಮೇಲೆ ರದ್ದು ಮಾಡಿ, ಮುಂಚೆ ಮಾಡಿದರೆ ಬಾಕಿ ತೋರಿಸಿ ಡೆಪಾಸಿಟ್ ತಡೆಯುತ್ತಾರೆ. ಕೊನೆಯ ದಿನ ಮೋಡೆಮ್ ಕಂಪನಿಯದಾಗಿದ್ದರೆ ಅದರ ಹಿಂಬದಿಯ ಸೀರಿಯಲ್ ನಂಬರ್ ಕಾಣುವಂತೆ ಫೋಟೋ ತೆಗೆದುಕೊಳ್ಳಿ, ಅಡಾಪ್ಟರ್ ಸಮೇತ ಕೊಡಿ, ತೆಗೆದುಕೊಂಡು ಹೋಗುವವನ ಸಹಿ ಇರುವ ರಸೀದಿ ಕೈಗೆ ಬರುವವರೆಗೆ ಆ ಡಬ್ಬ ನಿಮ್ಮ ಮೇಜಿನ ಮೇಲೇ ಇರಲಿ.